ಮನೆಯ ಕಾರ್ಯಾಗಾರದಲ್ಲಿ ಜಪಾನಿ ಶೈಲಿಯ ಕ್ಷೌರಕತ್ತಿ: ಉಕ್ಕಿನ ಪಟ್ಟಿಯಿಂದ ಸಾಣೆಯವರೆಗೆ

ಜಪಾನಿನ ಸಾಂಪ್ರದಾಯಿಕ ಕ್ಷೌರಕತ್ತಿಗೆ ಕಮಿಸೊರಿ ಎಂದು ಹೆಸರು. ನಮ್ಮ ಹಳೆಯ ಕ್ಷೌರದಂಗಡಿಗಳಲ್ಲಿ ಕಾಣುತ್ತಿದ್ದ ಮಡಿಚುವ ಕತ್ತಿಗೂ ಇದಕ್ಕೂ ನೋಡಿದೊಡನೆ ತಿಳಿಯುವ ಅಂತರವಿದೆ. ಇದಕ್ಕೆ ಕೀಲಿಲ್ಲ, ಅಲಗನ್ನು ಮುಚ್ಚಿಡುವ ಹಿಡಿಯಿಲ್ಲ. ಅಲಗೂ ಹಿಡಿಯೂ ಒಂದೇ ಲೋಹದ ತುಂಡು. ಅಲಗಿನ ಎರಡು ಮುಖಗಳೂ ಒಂದೇ ತೆರನಾಗಿರುವುದಿಲ್ಲ. ಒಂದು ಮುಖದ ತಗ್ಗು ಆಳವಾಗಿದ್ದರೆ ಇನ್ನೊಂದರದು ಕಡಿಮೆ. ಬೌದ್ಧ ಭಿಕ್ಷುಗಳ ಮುಂಡನಕ್ಕೂ, ಮುಂದೆ ನಡುನೆತ್ತಿಯನ್ನು ಬೋಳಿಸಿಕೊಂಡು ಜುಟ್ಟು ಕಟ್ಟುತ್ತಿದ್ದ ಸಮುರಾಯಿಗಳ ಕ್ಷೌರಕ್ಕೂ ಬಳಕೆಯಾದ ಉಪಕರಣವಿದು. ಒಬ್ಬರು ಇನ್ನೊಬ್ಬರ ತಲೆಯನ್ನು ಬೋಳಿಸುವುದಕ್ಕೆ ಒದಗುವಂತೆ ಅಲಗು ಗಿಡ್ಡವಾಗಿದೆ, ಹಿಡಿ ಬೆರಳುಗಳ ನಡುವೆ ನಿಲ್ಲುವಷ್ಟು ಸಪೂರವಾಗಿದೆ.

ಸಾಂಪ್ರದಾಯಿಕ ಕಮ್ಮಾರರು ಮೃದು ಕಬ್ಬಿಣದ ಮೈಗೆ ಗಟ್ಟಿ ಉಕ್ಕಿನ ತೆಳುಪಟ್ಟಿಯನ್ನು ಕುಲುಮೆಯಲ್ಲಿ ಬೆಸೆದು ಈ ಕತ್ತಿಯನ್ನು ಮಾಡುತ್ತಾರೆ. ನೀಗಾತ ಪ್ರಾಂತ್ಯದ ಸಾಂಜೋ ಪಟ್ಟಣದ ಇವಾಸಾಕಿ ಮನೆತನದ ತಂದೆ ಮತ್ತು ಮಗ, ಕಬ್ಬಿಣದ ಮರಳನ್ನು ಕರಗಿಸಿ ಪಡೆಯುವ ತಮಹಗಾನೆ ಉಕ್ಕಿನಿಂದಲೂ ಇಂಥ ಕತ್ತಿಗಳನ್ನು ಮಾಡಿ ಹೆಸರಾದವರು. ಆದರೆ ಮೊದಲ ಕತ್ತಿ ಮಾಡುವವರು ಬೆಸುಗೆಯ ದಾರಿ ಹಿಡಿಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎರಡು ಲೋಹಗಳನ್ನು ಬೆಸೆಯುತ್ತಿದ್ದುದಕ್ಕೆ ಉಕ್ಕಿನ ಉಳಿತಾಯ ಮತ್ತು ನಿಧಾನವಾಗಿ ಕೊರೆಯುವ ನೈಸರ್ಗಿಕ ಸಾಣೆಕಲ್ಲಿನ ಮೇಲೆ ಕೆಲಸ ಹಗುರವಾಗುವುದು ಮುಖ್ಯ ಕಾರಣಗಳು. ಇಂದಿನ ಕೃತಕ ಕಲ್ಲುಗಳಿಗೆ ಇಡೀ ಗಟ್ಟಿ ಉಕ್ಕಿನ ಅಲಗು ಕಷ್ಟವೇನಲ್ಲ. ಬೆಸುಗೆಗಾಗಿ ವಠಾರದ ತಾರಸಿಯ ಮೇಲೆ ಬೆಳ್ಳಗಾಗುವವರೆಗೆ ಕಬ್ಬಿಣ ಕಾಯಿಸಿ ಬಡಿಯುವ ಬದಲು, ಸಿದ್ಧ ಉಕ್ಕಿನ ಪಟ್ಟಿಯನ್ನು ಕೊಯ್ದು, ಅರ ಹಾಕಿ, ಉಜ್ಜಿ ಆಕಾರಕ್ಕೆ ತರುವುದು ನೆರೆಹೊರೆಯವರಿಗೂ ಕತ್ತಿಗೂ ಒಳ್ಳೆಯದು. ಕ್ಷೌರಕತ್ತಿಯ ಗುಣವನ್ನು ಬೆಂಕಿಗಿಂತ ಹೆಚ್ಚಾಗಿ ಅದರ ಜ್ಯಾಮಿತಿ ನಿರ್ಧರಿಸುತ್ತದೆ. ಸುತ್ತಿಗೆಯ ಬಗ್ಗೆ ತೋರುವ ಉತ್ಸಾಹದ ಅರ್ಧದಷ್ಟನ್ನಾದರೂ ವರ್ನಿಯರ್ ಕ್ಯಾಲಿಪರಿನ ಬಗ್ಗೆ ತೋರಿದರೆ ಕೆಲಸ ಕೈಗೂಡುತ್ತದೆ.

ಬೆನ್ನಿನ ಲೆಕ್ಕ

ಅಡುಗೆಮನೆಯ ಚಾಕುವನ್ನು ಮಸೆಯುವಾಗ ಅದನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂದು ನಮ್ಮ ಕೈ ತೀರ್ಮಾನಿಸುತ್ತದೆ. ಕ್ಷೌರಕತ್ತಿಯಲ್ಲಿ ಆ ತೀರ್ಮಾನವನ್ನು ಕತ್ತಿಯ ಬೆನ್ನೇ ಮಾಡುತ್ತದೆ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನಿನ ಒಂದು ಗೆರೆ ಮತ್ತು ಬಾಯಿಯ ಅಂಚು, ಇವೆರಡೇ ಕಲ್ಲನ್ನು ಮುಟ್ಟುತ್ತವೆ. ನಡುವಿನ ತಗ್ಗು ಮೇಲೆಯೇ ಉಳಿಯುತ್ತದೆ. ಹೀಗಾಗಿ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ ಇವೆರಡೂ ಸೇರಿ ಬಾಯಿಯ ಕೋನವನ್ನು ಮೊದಲೇ ನಿಗದಿ ಮಾಡಿಬಿಡುತ್ತವೆ, ಆಮೇಲೆ ಅದನ್ನು ಬದಲಿಸಲು ಸುಲಭದ ಉಪಾಯವಿಲ್ಲ. ಕ್ಷೌರಕ್ಕೆ 15ರಿಂದ 18 ಡಿಗ್ರಿಗಳ ಒಟ್ಟು ಕೋನ ಹೊಂದುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಾಯಿ ಬೇಗ ಚಿಪ್ಪೇಳುತ್ತದೆ, ಹೆಚ್ಚಾದರೆ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ.

ತ್ರಿಕೋನಮಿತಿಯ ತಂಟೆಗೆ ಹೋಗದೆ ನೆನಪಿಟ್ಟುಕೊಳ್ಳಬಹುದಾದ ಸೂತ್ರವೊಂದಿದೆ: ಬೆನ್ನು ಕಲ್ಲನ್ನು ಮುಟ್ಟುವ ಗೆರೆಯಿಂದ ಬಾಯಿಯವರೆಗಿನ ಅಗಲವನ್ನು 3.5ರಿಂದ ಭಾಗಿಸಿದರೆ ಬರುವುದೇ ಬೆನ್ನಿನ ದಪ್ಪ. ಅಗಲ 19 ಮಿ.ಮೀ. ಇದ್ದರೆ ಬೆನ್ನು ಸುಮಾರು 5.4 ಮಿ.ಮೀ., ಆಗ ಕೋನ 16.4 ಡಿಗ್ರಿ. ಅಗಲವೆಂದರೆ ಅಲಗಿನ ಒಟ್ಟು ಎತ್ತರವಲ್ಲ, ಬೆನ್ನಿನ ದುಂಡು ತುದಿಯನ್ನು ಬಿಟ್ಟು, ಕಲ್ಲು ಮುಟ್ಟುವ ಗೆರೆಯಿಂದ ಅಳೆದದ್ದು ಎಂಬುದನ್ನು ಮರೆಯಬಾರದು. ವರ್ಷಗಟ್ಟಲೆ ಸಾಣೆ ಹಿಡಿದಂತೆ ಬಾಯಿಯ ಜೊತೆಗೆ ಬೆನ್ನೂ ಸವೆಯುವುದರಿಂದ ಕೋನ ಬಹುತೇಕ ಮೊದಲಿನಂತೆಯೇ ಉಳಿಯುತ್ತದೆ. ಈ ವಿನ್ಯಾಸದ ಜಾಣತನವಿರುವುದು ಇಲ್ಲಿಯೇ.

ಈ ಲೇಖನದ ಅಳತೆಗಳು ಹೀಗಿವೆ: ಒಟ್ಟು ಉದ್ದ 150 ಮಿ.ಮೀ., ಅದರಲ್ಲಿ ಬಾಯಿ 55 ಮಿ.ಮೀ., ಉಳಿದದ್ದು ಹಿಡಿ. ಅಲಗಿನ ಅಗಲ 19, ಬೆನ್ನು 5.4, ಹಿಡಿಯ ಅಗಲ 9 ಮಿ.ಮೀ. ಆಸುಪಾಸು. ಹಿಡಿಯ ಅಳತೆಯಲ್ಲಿ ನಿಮ್ಮ ಕೈಗೆ ಹೊಂದುವಂತೆ ಬದಲಾವಣೆ ಮಾಡಿಕೊಳ್ಳಬಹುದು, ಅಲಗಿನ ಅಳತೆಯಲ್ಲಿ ಬೇಡ. ಈ ನಕ್ಷೆಯನ್ನು ದಪ್ಪ ರಟ್ಟಿನ ಮೇಲೆ ಬರೆದು ಕತ್ತರಿಸಿಟ್ಟುಕೊಂಡರೆ ಮಾದರಿಯಾಗಿ ಒದಗುತ್ತದೆ.

ಉಕ್ಕಿನ ಆಯ್ಕೆ

ಜಪಾನಿನಲ್ಲಿ ಶಿರೊಗಾಮಿ, ಆವೊಗಾಮಿ ಎಂಬ ಇಂಗಾಲದ ಉಕ್ಕುಗಳು ಹೆಸರುವಾಸಿ. ಅವನ್ನು ಹುಡುಕಿಕೊಂಡು ಕೂರುವ ಅಗತ್ಯವಿಲ್ಲ. ಬೆಂಗಳೂರಿನಂಥ ಯಂತ್ರೋಪಕರಣಗಳ ನಗರದಲ್ಲಿ ಟೂಲ್‌ರೂಮುಗಳು ನಿತ್ಯ ಬಳಸುವ ಎರಡು ಉಕ್ಕುಗಳು ಈ ಕೆಲಸಕ್ಕೆ ಸಾಕು. ಒಂದು ಓಎಚ್‌ಎನ್‌ಎಸ್, ಅಂದರೆ ಎಣ್ಣೆಯಲ್ಲಿ ಗಟ್ಟಿಗೊಳ್ಳುವ, ಹೆಚ್ಚು ಕುಗ್ಗದ ಉಕ್ಕು. ಇದರಲ್ಲಿ ಶೇಕಡಾ 0.9ರಷ್ಟು ಇಂಗಾಲ, ಜೊತೆಗೆ ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಇರುತ್ತವೆ. ಇನ್ನೊಂದು ಬೇರಿಂಗ್‌ಗಳಿಗೆ ಬಳಸುವ ಇಎನ್ 31. ಶೇಕಡಾ 1ರಷ್ಟು ಇಂಗಾಲ ಮತ್ತು 1ರಿಂದ 1.6ರಷ್ಟು ಕ್ರೋಮಿಯಂ ಇರುವ ಇದು ಅತಿ ನಯವಾದ ಬಾಯಿಯನ್ನು ಕೊಡುತ್ತದೆಯಾದರೂ, ಕಾಯಿಸುವಾಗ ನಿಖರವಾದ ಉಷ್ಣತೆಯಲ್ಲಿ ಹೆಚ್ಚು ಹೊತ್ತು ಹಿಡಿದಿಡಬೇಕಾಗುತ್ತದೆ. ಮನೆಯಲ್ಲೇ ಹದ ಮಾಡುವವರಿಗೆ, ಅಂದರೆ ಅಲಗನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಿಕೊಳ್ಳುವವರಿಗೆ, ನಾನು ಹೇಳುವುದು ಓಎಚ್‌ಎನ್‌ಎಸ್. ಹದವನ್ನು ಕಾರ್ಖಾನೆಗೆ ಕೊಡುವುದಾದರೆ ಇಎನ್ 31 ಆದೀತು.

ಪೀಣ್ಯದ ಉಕ್ಕಿನ ಅಂಗಡಿಗಳಲ್ಲಿ 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿಯನ್ನು ವಿಚಾರಿಸಬೇಕು. ನಾಲ್ಕೂ ಬದಿ ಉಜ್ಜಿ ಹೊಳೆಯುವ ಪಟ್ಟಿ ಸಿಕ್ಕರೆ 6 ಮಿ.ಮೀ. ಸಾಕು, ಕಪ್ಪು ಮೈಯ ಪಟ್ಟಿಯಾದರೆ 8 ಮಿ.ಮೀ. ಕೊಳ್ಳಬೇಕು, ಏಕೆಂದರೆ ಕಾರ್ಖಾನೆಯ ಬಿಸಿಯಲ್ಲಿ ಮೇಲ್ಪದರದ ಇಂಗಾಲ ಉರಿದುಹೋಗಿರುತ್ತದೆ ಮತ್ತು ಆ ಪದರವನ್ನು ತೆಗೆಯದೆ ಹದ ಹಿಡಿಯುವುದಿಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಅರಗಳಿಂದಲೂ ಕತ್ತಿ ಮಾಡುವವರಿದ್ದಾರೆ. ಒಳ್ಳೆಯ ಹಳೆಯ ಅರದಲ್ಲಿ ಇಂಗಾಲ ಧಾರಾಳವಾಗಿರುತ್ತದೆ ನಿಜ. ಆದರೆ ಅಗ್ಗದ ಅರಗಳಲ್ಲಿ ಮೇಲ್ಮೈ ಮಾತ್ರ ಗಟ್ಟಿಯಾಗಿದ್ದು ಒಳಗೆ ಮೃದು ಕಬ್ಬಿಣವಿರುವುದುಂಟು. ಒಂದು ತುಂಡನ್ನು ಕಾಯಿಸಿ, ಅದ್ದಿ, ಮುರಿದು, ಒಡೆದ ಮೈ ಇಡಿಯಾಗಿ ನುಣ್ಣನೆಯ ಬೂದು ಬಣ್ಣದ್ದಾಗಿದೆಯೇ ಎಂದು ನೋಡದೆ ಅದನ್ನು ನಂಬಬಾರದು.

ಉಳಿದ ಸಾಮಾನುಗಳೆಲ್ಲ ನಗರದ ಪೇಟೆಯಲ್ಲೇ ಸಿಗುತ್ತವೆ. ವೈಸ್, ಹ್ಯಾಕ್ಸಾ, 10 ಅಂಗುಲದ ಒರಟು ಮತ್ತು ನಯ ಅರಗಳು, ವರ್ನಿಯರ್, ಸಂದಿನ ಅಗಲ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಇವು ಎಸ್‌ಜೆಪಿ ರಸ್ತೆಯಲ್ಲಿ. ಉಷ್ಣತೆ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಮತ್ತು ಮೀಟರು ಎಸ್‌ಪಿ ರಸ್ತೆಯಲ್ಲಿ. ಪೇಂಟರುಗಳು ವಾಟರ್ ಪೇಪರ್ ಎನ್ನುವ ಕಪ್ಪು ಸಿಲಿಕಾನ್ ಕಾರ್ಬೈಡ್ ಕಾಗದ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ. ಬೆಲ್ಟ್ ಗ್ರೈಂಡರ್ ಇದ್ದರೆ ಸಮಯ ಉಳಿಯುತ್ತದೆ. ಇಲ್ಲದಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಅಲಗು ಗಿಡ್ಡವಾಗಿರುವುದರಿಂದ ಅರದಿಂದಲೇ ಮಾಡಿ ಮುಗಿಸಬಹುದು, ಮತ್ತು ಅರ ತಪ್ಪು ಮಾಡುವುದೂ ನಿಧಾನವಾಗಿಯೇ.

ಗುರುತು ಹಾಕಿ ಅರ ಹಿಡಿಯುವುದು

ಪಟ್ಟಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ರಟ್ಟಿನ ಮಾದರಿಯನ್ನಿಟ್ಟು ಚೂಪು ಮೊಳೆಯಿಂದ ಗೀರಿ, ಹ್ಯಾಕ್ಸಾದಿಂದ ಗೆರೆಯ ಹೊರಗೆ ಕೊಯ್ದು, ಅರದಿಂದ ಗೆರೆಗೆ ತರಬೇಕು. ಇದರಲ್ಲಿ ವಿವರಿಸುವಂಥದ್ದೇನಿಲ್ಲ. ಬಾಯಿಯಾಗಲಿರುವ ಬದಿಯ ನಡುಗೆರೆಯನ್ನು ಎಳೆಯುವುದು ಮಾತ್ರ ಗಮನವಿಟ್ಟು ಮಾಡಬೇಕಾದ ಕೆಲಸ. ಸಮತಟ್ಟಾದ ಗಾಜಿನ ಮೇಲೆ ಪಟ್ಟಿಯನ್ನು ಮಲಗಿಸಿ, ಪಟ್ಟಿಯಷ್ಟೇ ದಪ್ಪದ ಡ್ರಿಲ್ ಬಿಟ್ ಒಂದನ್ನು ಪಕ್ಕದಲ್ಲಿ ಅದೇ ಗಾಜಿನ ಮೇಲೆ ಒತ್ತಿ ಹಿಡಿದು ಉದ್ದಕ್ಕೂ ಎಳೆದರೆ, ಬಿಟ್ಟಿನ ಮೊನೆ ಸರಿಯಾಗಿ ನಡುವೆ ಗೀರುತ್ತದೆ. ಆ ಗೆರೆಯ ಎರಡೂ ಬದಿಗೆ 0.3 ಮಿ.ಮೀ. ಬಿಟ್ಟು ಇನ್ನೆರಡು ಗೆರೆಗಳನ್ನು ಹಾಕಬೇಕು. ಹದಕ್ಕೆ ಮೊದಲು ಬಾಯಿಯ ದಪ್ಪ 0.6 ಮಿ.ಮೀ. ಉಳಿಯಲೇಬೇಕು, ಅದಕ್ಕಿಂತ ತೆಳುವಾದ ಅಂಚು ಬೆಂಕಿಯಲ್ಲಿ ಬೇಗ ಸುಡುತ್ತದೆ ಮತ್ತು ಎಣ್ಣೆಗೆ ಬಿದ್ದಾಗ ಅಲೆಯಂತೆ ಸುರುಟುತ್ತದೆ.

ಬೆನ್ನಿನಿಂದ ಬಾಯಿಯ ಕಡೆಗೆ ಎರಡೂ ಬದಿಯನ್ನು ಇಳಿಜಾರಾಗಿ ಅರ ಹಾಕಿದಾಗ ಅಲಗು ಬೆಣೆಯಾಕಾರಕ್ಕೆ ಬರುತ್ತದೆ. ಪ್ರತಿ ಹಂತದಲ್ಲೂ ಬುಡ, ನಡು, ತುದಿ ಹೀಗೆ ಮೂರು ಕಡೆ ಬೆನ್ನಿನ ದಪ್ಪ ಅಳೆಯಬೇಕು; ಆ ಮೂರು ಅಳತೆಗಳ ನಡುವೆ 0.05 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ತುದಿಯ ಕಡೆ ಬೆನ್ನು ತೆಳುವಾದರೆ ಅಲ್ಲಿ ಕೋನವೂ ಕಡಿಮೆಯಾಗಿ, ಸಾಣೆಯ ಮೇಲೆ ಬಾಯಿಯ ಒಂದು ಭಾಗ ಮಾತ್ರ ಹರಿತವಾಗುವ ಕಾಟ ಶುರುವಾಗುತ್ತದೆ. ಅಂತಿಮ ಅಳತೆ 5.4 ಆದ್ದರಿಂದ ಈ ಹಂತದಲ್ಲಿ 5.6ಕ್ಕೆ ನಿಲ್ಲಿಸುವುದು ಕ್ಷೇಮ. ನಗರದಲ್ಲಿ ಎಚ್‌ಎಂಟಿಯಂಥ ಕಾರ್ಖಾನೆಗಳಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಹಿರಿಯರು ಇನ್ನೂ ಅನೇಕರಿದ್ದಾರೆ. ಅರವನ್ನು ಸಮತಟ್ಟಾಗಿ ನಡೆಸುವ ವಿದ್ಯೆಯನ್ನು ಅಂಥವರ ಪಕ್ಕದಲ್ಲಿ ಅರ್ಧ ಗಂಟೆ ನಿಂತು ಕಲಿತಷ್ಟು ಚೆನ್ನಾಗಿ ಯಾವ ಬರಹವೂ ಕಲಿಸಲಾರದು.

ಪಿವಿಸಿ ಪೈಪಿನಿಂದ ತಗ್ಗು

ಬೆಣೆಯಾಕಾರದ ಅಲಗಿನ ಮುಖಗಳನ್ನು ನಡುವಿನಲ್ಲಿ ತುಸು ಒಳಬಾಗಿಸಬೇಕು. ಕಾರ್ಖಾನೆಯಲ್ಲಿ ಇದನ್ನು ದುಂಡು ಚಕ್ರದ ಮೇಲೆ ಮಾಡುತ್ತಾರೆ. ಮನೆಯಲ್ಲಿ ಚರಂಡಿಗೆ ಬಳಸುವ ಪಿವಿಸಿ ಪೈಪಿನ ತುಂಡುಗಳಿಗೆ ಒರಟು ವಾಟರ್ ಪೇಪರ್ ಅಂಟಿಸಿ ಇದೇ ಫಲ ಪಡೆಯಬಹುದು. 160 ಮಿ.ಮೀ. ವ್ಯಾಸದ ಪೈಪು 15 ಮಿ.ಮೀ. ಅಗಲದ ತಗ್ಗನ್ನು ತೆಗೆದಾಗ ಅದರ ಆಳ ಸುಮಾರು 0.35 ಮಿ.ಮೀ. ಇರುತ್ತದೆ, 110 ಮಿ.ಮೀ. ಪೈಪಿನದು ಸುಮಾರು 0.5 ಮಿ.ಮೀ. ಈ ಎರಡು ಪೈಪುಗಳಿಂದ ಕಮಿಸೊರಿಯ ಅಸಮ ಮುಖಗಳು ಸಿದ್ಧವಾಗುತ್ತವೆ: ಕಡಿಮೆ ತಗ್ಗಿನ ಮುಖಕ್ಕೆ ದೊಡ್ಡ ಪೈಪು, ಹೆಚ್ಚು ತಗ್ಗಿನ ಮುಖಕ್ಕೆ ಸಣ್ಣದು.

ಆದರೆ ಹದಕ್ಕೆ ಮೊದಲು ಎರಡೂ ಮುಖಗಳನ್ನು ದೊಡ್ಡ ಪೈಪಿನಿಂದಲೇ ಸಮನಾಗಿ ಮಾಡಿ ನಿಲ್ಲಿಸಬೇಕು. ಎರಡು ಬದಿಗಳ ಲೋಹ ಅಸಮವಾಗಿದ್ದರೆ ಎಣ್ಣೆಯಲ್ಲಿ ಅದ್ದಿದಾಗ ಅವು ಒಂದೇ ವೇಗದಲ್ಲಿ ತಣ್ಣಗಾಗದೆ ಅಲಗು ಒಂದು ಕಡೆಗೆ ಬಾಗುತ್ತದೆ. ಅಸಮತೆಗೆ ಬೇಕಾದ ಉಳಿದ 0.15 ಮಿ.ಮೀ.ಯನ್ನು ಹದದ ನಂತರ ತೆಗೆಯುವುದು ಕೈಕೆಲಸಕ್ಕೆ ದೊಡ್ಡ ಭಾರವಲ್ಲ.

ಅಲಗನ್ನು ಹಿಡಿದಿಡಲು ಮರದ ಹಲಗೆಯೊಂದನ್ನು ಸಿದ್ಧಪಡಿಸಿಕೊಳ್ಳಬೇಕು. ಅಲಗು ಒಂದು ಮುಖದ ಮೇಲೆ ಮಲಗಿದಾಗ ಅದರ ಮೇಲ್ಮುಖ 16 ಡಿಗ್ರಿಗಳಷ್ಟು ವಾಲಿರುತ್ತದೆ; ಹಲಗೆಯ ಮೈಯನ್ನೂ ಅಷ್ಟೇ ಓರೆಯಾಗಿ ಕೆತ್ತಿದರೆ ಮೇಲ್ಮುಖ ಸಮತಲಕ್ಕೆ ಬರುತ್ತದೆ. ಹಲಗೆಯ ಎರಡೂ ಬದಿಗೆ ಎತ್ತರದ ರೀಪುಗಳನ್ನು ಹೊಡೆದು, ಪೈಪು ಅಲಗಿನ ಉದ್ದಕ್ಕೆ ಮಾತ್ರ ಹಿಂದಕ್ಕೂ ಮುಂದಕ್ಕೂ ಚಲಿಸುವಂತೆ, ಅಡ್ಡಕ್ಕೆ ಜರುಗದಂತೆ ಕಟ್ಟು ಮಾಡಬೇಕು. ಈ ಕಟ್ಟು ಸಡಿಲವಿದ್ದರೆ ಕಾಗದ ಬೆನ್ನಿನ ಅಂಚನ್ನು ತಿಂದುಹಾಕುತ್ತದೆ. 80ರ ಕಾಗದದಿಂದ ಶುರುಮಾಡಿ (ಸಂಖ್ಯೆ ಹೆಚ್ಚಿದಷ್ಟೂ ನಯ) 220ರವರೆಗೆ ಬಂದರೆ ಈ ಹಂತಕ್ಕೆ ಸಾಕು. ಅಡ್ಡಡ್ಡ ಗೀರುಗಳು ಉಳಿಯದಂತೆ ನೋಡಿಕೊಳ್ಳಿ, ಏಕೆಂದರೆ ಹದದ ವೇಳೆ ಬಿರುಕು ಹುಟ್ಟುವುದು ಅಂಥ ಗೀರುಗಳಿಂದಲೇ.

ಹದ

ಇಲ್ಲಿ ಎರಡು ದಾರಿಗಳಿವೆ. ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಜಾಬ್ ವರ್ಕ್ ಮಾಡುವ ಘಟಕಗಳು ಬಹಳಷ್ಟಿವೆ. ಉಕ್ಕಿನ ಹೆಸರು, 61ರಿಂದ 62 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕ) ಗಡಸುತನ ಬೇಕೆಂಬುದು, ಅಂಚು 0.6 ಮಿ.ಮೀ. ಮಾತ್ರ ದಪ್ಪವಿದೆ ಎಂಬುದು ಮತ್ತು ಅಲಗನ್ನು ನೇತುಹಾಕಿ ಕಾಯಿಸಬೇಕೆಂಬುದು, ಈ ನಾಲ್ಕನ್ನೂ ಚೀಟಿಯಲ್ಲಿ ಬರೆದು ಕೊಡುವುದು ಉತ್ತಮ. ಬಾಯಿಮಾತಿನಲ್ಲಿ ಹೇಳಿದ್ದು ಕುಲುಮೆಯ ಮುಂದೆ ನಿಂತವರನ್ನು ತಲುಪುತ್ತದೆಂಬ ಭರವಸೆಯಿಲ್ಲ. ಮೊದಲ ಕತ್ತಿಗೆ ಈ ದಾರಿಯನ್ನು ಹಿಡಿದರೆ ಅದರಲ್ಲಿ ಕೀಳರಿಮೆಯೇನೂ ಬೇಡ.

ಎರಡನೆಯದು ಮನೆಯ ಕುಲುಮೆ. ಉಷ್ಣನಿರೋಧಕ ಇಟ್ಟಿಗೆಗಳನ್ನು ಜೋಡಿಸಿ, ಇಸ್ತ್ರಿ ಅಂಗಡಿಯವರು ಬಳಸುವಂಥ ಮರದ ಇದ್ದಿಲು ತುಂಬಿ, ಹಳೆಯ ಹೇರ್ ಡ್ರೈಯರಿನಿಂದ ಗಾಳಿ ಕೊಟ್ಟರೆ 55 ಮಿ.ಮೀ. ಅಲಗಿಗೆ ಬೇಕಾದ ಬಿಸಿ ಬರುತ್ತದೆ. ಇದನ್ನು ತೆರೆದ ತಾರಸಿಯಲ್ಲಿ ಮಾತ್ರ ಮಾಡಬೇಕು. ಉರಿಯುವ ಇದ್ದಿಲು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಬಳಸುವವರು ಅಡುಗೆಯ ಸಬ್ಸಿಡಿ ಸಿಲಿಂಡರನ್ನು ಮುಟ್ಟಬಾರದು, ಅದು ಕಾನೂನಿಗೆ ವಿರುದ್ಧ. ಬೆಂಕಿಯ ನಡುವೆ ಒಂದೂವರೆ ಅಂಗುಲದ ಕಬ್ಬಿಣದ ಪೈಪನ್ನಿಟ್ಟು ಅದರೊಳಗೆ ಅಲಗನ್ನು ಕಾಯಿಸಿದರೆ ಬಿಸಿ ಎಲ್ಲೆಡೆ ಸಮನಾಗಿ ಹರಡುತ್ತದೆ. ಪೈಪಿನೊಳಗೆ ಚಿಟಿಕೆ ಇದ್ದಿಲ ಪುಡಿ ಹಾಕಿದರೆ ಒಳಗಿನ ಆಮ್ಲಜನಕ ಅಲ್ಲೇ ಉರಿದು ಉಕ್ಕಿನ ಇಂಗಾಲ ಉಳಿಯುತ್ತದೆ. ನಲ್ಲಿಯ ಕೆಲಸಕ್ಕೆ ಬಳಸುವ ಜಿಐ ಪೈಪು ಖಂಡಿತ ಬೇಡ: ಅದರ ಸತುವಿನ ಲೇಪ ಆವಿಯಾಗಿ ಉಸಿರಿಗೆ ಸೇರಿದರೆ ಜ್ವರ ಬರುತ್ತದೆ.

ಓಎಚ್‌ಎನ್‌ಎಸ್‌ಗೆ ಬೇಕಾದದ್ದು 790ರಿಂದ 815 ಡಿಗ್ರಿ ಸೆಲ್ಸಿಯಸ್. ಥರ್ಮೋಕಪಲ್ಲಿನ ತುದಿಯನ್ನು ಪೈಪಿನೊಳಗೆ ಅಲಗಿನ ಪಕ್ಕದಲ್ಲೇ ಇಟ್ಟು ಓದಬೇಕು. ಅದನ್ನು ಪರೀಕ್ಷಿಸಲು ಎರಡು ಸಾಕ್ಷಿಗಳಿವೆ. ಕಬ್ಬಿಣ 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ; ಅಡುಗೆ ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ. ಅದೇ ಉಕ್ಕಿನ ಒಂದು ಚೂರಿನ ಮೇಲೆ ನಾಲ್ಕು ಹರಳು ಉಪ್ಪು ಹಾಕಿ ಮೊದಲೇ ಕಾಯಿಸಿ ನೋಡಿದರೆ, ಉಪ್ಪು ಕರಗುವ ಹೊತ್ತಿಗೆ ಉಕ್ಕಿನ ಕೆಂಪು ಯಾವ ಛಾಯೆಯದು ಎಂದು ಕಣ್ಣಿಗೆ ಪಾಠವಾಗುತ್ತದೆ. ಈ ಕೆಲಸಕ್ಕೆ ಸಂಜೆ ಸರಿಯಾದ ಹೊತ್ತು. ಹಗಲ ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಂಡು, ಬೇಕಾದದ್ದಕ್ಕಿಂತ ಹೆಚ್ಚು ಕಾಯಿಸಿಬಿಡುತ್ತೇವೆ. ಉಷ್ಣತೆ ಮುಟ್ಟಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಹಿಡಿದಿಡಬೇಕು.

ಅದ್ದಲು ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು. ನಾಲ್ಕು ಲೀಟರ್ ಎಣ್ಣೆಯನ್ನು ಆಳವಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಬೇಕು; ಬೆಚ್ಚನೆಯ ಎಣ್ಣೆ ತೆಳುವಾಗಿ, ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಜಪಾನಿನ ಕಮ್ಮಾರರು ಅಲಗಿಗೆ ತೆಳುವಾಗಿ ಮಣ್ಣು ಬಳಿದು ನೀರಿನಲ್ಲಿ ಅದ್ದುವುದು ಅವರ ಉಕ್ಕಿಗೆ ಹೊಂದುವ ಕ್ರಮ. ಓಎಚ್‌ಎನ್‌ಎಸ್ಸನ್ನು ನೀರಿಗೆ ಹಾಕಿದರೆ ಸೀಳುತ್ತದೆ. ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆಯ ಹೊಗೆ ವಿಷಕಾರಿ, ಅದನ್ನು ಬಳಸಬಾರದು. ಡಬ್ಬಿಗೆ ಬಿಗಿಯಾದ ಮುಚ್ಚಳ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಎಣ್ಣೆಗೆ ಉರಿ ಹತ್ತಿದರೆ ಮುಚ್ಚಳ ಹಾಕಬೇಕೇ ಹೊರತು ನೀರು ಸುರಿಯಬಾರದು. ಇಕ್ಕಳದಿಂದ ಹಿಡಿಯನ್ನು ಹಿಡಿದು ಅಲಗನ್ನು ನೆಟ್ಟಗೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಅಡ್ಡಕ್ಕೆ ಅಲ್ಲಾಡಿಸಿದರೆ ಒಂದು ಮುಖ ಮೊದಲು ತಣಿದು ಬಾಗುತ್ತದೆ.

ಸುಮಾರು 200 ಡಿಗ್ರಿಗೆ ಇಳಿಯುವವರೆಗೆ ಉಕ್ಕು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎಣ್ಣೆಯಿಂದ ತೆಗೆದು ಇನ್ನೂ ಹೊಗೆಯಾಡುತ್ತಿರುವಾಗಲೇ ಎರಡು ದಪ್ಪ ಅಲ್ಯೂಮಿನಿಯಂ ತುಂಡುಗಳ ನಡುವೆ ಬೆನ್ನು ಮತ್ತು ಹಿಡಿಯನ್ನು ಇರಿಸಿ ವೈಸಿನಲ್ಲಿ ಬಿಗಿದರೆ, ಸಣ್ಣಪುಟ್ಟ ಬಾಗು ಅಲ್ಲಿಯೇ ನೇರವಾಗುತ್ತದೆ. ತಣ್ಣಗಾದ ಮೇಲೆ ಬಡಿದು ನೇರ ಮಾಡಲು ಹೋದರೆ ಅಲಗು ತುಂಡಾಗುತ್ತದೆ. ಕೈಗೆ ಹಿಡಿಯುವಷ್ಟು ಆರಿದೊಡನೆ ಹೊಸ ಅರದಿಂದ ಬೆನ್ನನ್ನು ಗೀರಿ ನೋಡಬೇಕು. ಅರ ಕಚ್ಚದೆ ಜಾರಿದರೆ ಹದ ಹಿಡಿದಿದೆ ಎಂದರ್ಥ.

ಈ ಸ್ಥಿತಿಯಲ್ಲಿ ಅಲಗು ಅತಿಯಾಗಿ ಪೆಡಸು, ರಾತ್ರಿಯಿಡೀ ಹಾಗೆಯೇ ಬಿಟ್ಟರೆ ತಾನಾಗಿ ಬಿರಿಯಬಹುದು. ಆದ್ದರಿಂದ ಅಂದೇ ಅದನ್ನು 170ರಿಂದ 180 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ತಣಿಸಿ, ಮತ್ತೆ ಎರಡು ಗಂಟೆ ಕಾಯಿಸಬೇಕು. ಅಡುಗೆಮನೆಯ ಓಟಿಜಿ, ಅಂದರೆ ಕೇಕ್ ಬೇಯಿಸುವ ವಿದ್ಯುತ್ ಒಲೆ, ಇದಕ್ಕೆ ಆಗುತ್ತದೆ, ಆದರೆ ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬಬಾರದು. ತಟ್ಟೆಯಲ್ಲಿ ಒಣಮರಳು ತುಂಬಿ, ಅಲಗನ್ನೂ ಥರ್ಮೋಕಪಲ್ಲಿನ ತುದಿಯನ್ನೂ ಒಟ್ಟಿಗೆ ಅದರಲ್ಲಿ ಹೂತಿಟ್ಟರೆ ಬಿಸಿಯ ಏರಿಳಿತ ಅಲಗನ್ನು ಮುಟ್ಟುವುದಿಲ್ಲ. ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಬಂದ ಮೇಲೆ ಉಳಿದ ಅವಧಿಯನ್ನು ಪೂರೈಸಿದರಾಯಿತು.

ಹದದ ನಂತರ

ಇನ್ನು ಮುಂದೆ ಅಲಗಿನ ಬಿಸಿ 170 ಡಿಗ್ರಿ ದಾಟಬಾರದು. ಕೈಯಿಂದ ಉಜ್ಜುವವರಿಗೆ ಆ ಚಿಂತೆಯಿಲ್ಲ. ಬೆಲ್ಟ್ ಗ್ರೈಂಡರ್ ಬಳಸುವವರು ಕೈಗವಸಿಲ್ಲದೆ ಹಿಡಿದು, ಪ್ರತಿ ಸಲ ಉಜ್ಜಿದೊಡನೆ ನೀರಿಗೆ ಅದ್ದಬೇಕು. ಬಾಯಿಯ ಮೇಲೆ ತಿಳಿ ಹಳದಿ ಬಣ್ಣ ಕಂಡಿತೆಂದರೆ ಅಷ್ಟು ಭಾಗದ ಹದ ಇಳಿಯಿತೆಂದೇ ತಿಳಿಯಬೇಕು, ಅದನ್ನು ಉಜ್ಜಿ ತೆಗೆಯುವುದೊಂದೇ ದಾರಿ. ಉಕ್ಕಿನ ಧೂಳಿಗೆ ಮೂಗಿನ ಮಾಸ್ಕ್ ಮತ್ತು ಕನ್ನಡಕ ಅನಿವಾರ್ಯ.

ಸಣ್ಣ ಪೈಪಿನಿಂದ ಒಂದು ಮುಖವನ್ನು ಆಳಗೊಳಿಸಿ, ಎರಡೂ ಮುಖಗಳನ್ನು 400, 800, 1200ರ ಕಾಗದಗಳಲ್ಲಿ ನಯಗೊಳಿಸಬೇಕು. ಬಾಯಿಯ ದಪ್ಪ 0.15 ಮಿ.ಮೀ. ಆಗುವವರೆಗೆ ಇಳಿಸಿ ಉಳಿದದ್ದನ್ನು ಸಾಣೆಗೆ ಬಿಡುವುದು ಸರಿ. ಆಮೇಲೆ ಬೆನ್ನಿನ ಎರಡು ಗೆರೆಗಳ ಪರೀಕ್ಷೆ. 12 ಮಿ.ಮೀ. ದಪ್ಪದ ಗಾಜು, ಇಲ್ಲವೇ ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಉಳಿಯುವ ಪಾಲಿಶ್ ಮಾಡಿದ ತುಂಡಿನ ಮೇಲೆ ಅಲಗನ್ನು ಮಲಗಿಸಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿದರೆ ಬೆನ್ನಿನಡಿಯಾಗಲಿ ಬಾಯಿಯಡಿಯಾಗಲಿ ಬೆಳಕು ನುಸುಳಬಾರದು. ಅತಿ ತೆಳ್ಳನೆಯ ಫೀಲರ್ ಗೇಜ್ ಎಲೆ ಒಳಗೆ ತೂರಿದರೆ, ಗಾಜಿನ ಮೇಲೆ 600ರ ಕಾಗದ ಹಾಸಿ ಅಲಗನ್ನು ಮಲಗಿಸಿಯೇ ಉಜ್ಜಿ ಎರಡೂ ಗೆರೆಗಳನ್ನು ಒಂದೇ ಸಮತಲಕ್ಕೆ ತರಬೇಕು. ಬೇಸರದ ಕೆಲಸವೇ ಸರಿ, ಆದರೆ ಇಲ್ಲಿ ಅವಸರ ಮಾಡಿ ಸಾಣೆಗೆ ಹೋದರೆ ಅಲ್ಲಿ ಹತ್ತರಷ್ಟು ಹೊತ್ತು ಹಾಳಾಗುತ್ತದೆ.

ಸಾಣೆ

ಕಲ್ಲುಗಳ ಸರಣಿ 1000, 3000, 8000 ಇರಲಿ. 12000 ಸಿಕ್ಕರೆ ಇನ್ನೂ ಒಳ್ಳೆಯದು. ಕ್ಯೋಟೋ ಸುತ್ತಲ ಗಣಿಗಳ ನೈಸರ್ಗಿಕ ಕಲ್ಲುಗಳಿಗೆ ದೊಡ್ಡ ಹೆಸರಿದೆ, ದರವೂ ಅಷ್ಟೇ ದೊಡ್ಡದು; ಆರಂಭಕ್ಕೆ ಅವು ಬೇಡ. ಕಲ್ಲಿಗೆ ದುಡ್ಡು ಹಾಕಲು ಮನಸ್ಸಿಲ್ಲದವರು ಆಪ್ಟಿಕಲ್ ಫೈಬರ್ ತುದಿಗಳನ್ನು ನಯಗೊಳಿಸಲು ಬಳಸುವ ಲ್ಯಾಪಿಂಗ್ ಫಿಲ್ಮ್ ಹಾಳೆಗಳನ್ನು 12, 3, 1 ಮೈಕ್ರಾನ್ ಕ್ರಮದಲ್ಲಿ ಅದೇ ಗ್ರಾನೈಟ್ ತುಂಡಿನ ಮೇಲೆ ಹಾಸಿ ಬಳಸಬಹುದು. ಕಲ್ಲು ಬಳಸುವುದಾದರೆ ಅದರ ಮೈ ಸಮತಟ್ಟಾಗಿರಬೇಕು: ಪೆನ್ಸಿಲಿನಿಂದ ಚೌಕುಳಿ ಗೀಚಿ, ಗಾಜಿನ ಮೇಲಿಟ್ಟ 400ರ ವಾಟರ್ ಪೇಪರಿನಲ್ಲಿ ಎಲ್ಲ ಗೆರೆಗಳೂ ಅಳಿಸುವವರೆಗೆ ಉಜ್ಜಬೇಕು.

ಬಾಯಿಗೆ ಮಾರ್ಕರ್ ಮಸಿ ಬಳಿದು, ಅಲಗನ್ನು ಬೆನ್ನಿನ ಸಹಿತ 1000ರ ಕಲ್ಲಿನ ಮೇಲೆ ಮಲಗಿಸಿ, ಬಾಯಿ ಮುಂದಾಗಿರುವಂತೆ ತಳ್ಳಬೇಕು. ಭಾರ ಹಾಕಬಾರದು, ಏಕೆಂದರೆ ತೆಳ್ಳನೆಯ ಬಾಯಿ ಬೆರಳಿನ ಒತ್ತಡಕ್ಕೇ ಬಾಗುತ್ತದೆ. ಮಸಿ ಉದ್ದಕ್ಕೂ ಏಕರೀತಿಯಾಗಿ ಅಳಿಸಿದರೆ ಜ್ಯಾಮಿತಿ ಸರಿಯಿದೆ. ಅಲ್ಲಲ್ಲಿ ಉಳಿದರೆ ಕಲ್ಲಿನದಲ್ಲ, ಬೆನ್ನಿನ ದೋಷ, ಮತ್ತೆ ಗಾಜಿಗೆ ಮರಳಬೇಕು. ಈ ಕಲ್ಲಿನ ಮೇಲೆ ಎರಡೂ ಮುಖಗಳ ಓರೆಗಳು ಬಾಯಿಯಲ್ಲಿ ಪೂರ್ತಿ ಸಂಧಿಸುವವರೆಗೆ ಮುಂದಿನ ಕಲ್ಲನ್ನು ಮುಟ್ಟಬಾರದು. ಮುಂದೋಳಿನ ಕೂದಲು ಬುಡದಿಂದ ತುದಿಯವರೆಗಿನ ಬಾಯಿಯ ಯಾವ ಭಾಗಕ್ಕಾದರೂ ತಡೆಯಿಲ್ಲದೆ ಕತ್ತರಿಸಿ ಬೀಳುವುದು ಅದಕ್ಕೆ ಗುರುತು.

ನಯ ಕಲ್ಲುಗಳ ಮೇಲೆ ಕಮಿಸೊರಿಯ ವಾಡಿಕೆ ಬೇರೆಯಾಗುತ್ತದೆ. ಮಡಿಚುವ ಕತ್ತಿಗೆ ಎರಡೂ ಬದಿ ಸಮನಾಗಿ ಉಜ್ಜಿದರೆ, ಇದಕ್ಕೆ ಒಂದು ಮುಖಕ್ಕೆ ಹತ್ತು ಸಲ, ಇನ್ನೊಂದಕ್ಕೆ ಮೂರು ಸಲ ಎಂಬಂತೆ ಉಜ್ಜುವುದು ಹಳೆಯ ಕ್ರಮ. ಇದರಿಂದ ಓರೆಯ ಅಗಲ ಒಂದು ಬದಿಯಲ್ಲಿ ಹೆಚ್ಚಾಗುತ್ತದೆ. ಯಾವ ಮುಖವನ್ನು ಆರಿಸಿಕೊಂಡರೂ ಪ್ರತಿ ಸಾಣೆಯಲ್ಲೂ ಅದನ್ನೇ ಪಾಲಿಸಬೇಕು. ಎರಡೂ ಬದಿ ಸಮನಾಗಿ ಉಜ್ಜಿ ಚೆನ್ನಾಗಿ ಕ್ಷೌರ ಮಾಡಿಕೊಳ್ಳುವವರೂ ಇದ್ದಾರೆ, ಈ ವಿಷಯದಲ್ಲಿ ಹಟ ಹಿಡಿಯಬೇಕಾಗಿಲ್ಲ. ಬೋರ್‌ವೆಲ್ ನೀರು ಬರುವ ಬಡಾವಣೆಗಳಲ್ಲಿ ಗಡಸು ನೀರು ಒಣಗಿ ಬಾಯಿಯ ಮೇಲೆ ಬಿಳಿ ಕಲೆ ಬಿಡುತ್ತದೆ; ಕೊನೆಯ ಕಲ್ಲಿಗೂ ಕೊನೆಯ ತೊಳೆತಕ್ಕೂ ಆರ್‌ಒ ನೀರು ಬಳಸುವುದು ಲೇಸು.

ಕಲ್ಲಿನ ನಂತರ ತೊಗಲು. ಸಸ್ಯಜನ್ಯ ತೊಗಟೆಯಿಂದ ಹದ ಮಾಡಿದ ದಪ್ಪ ತೊಗಲಿನ ಪಟ್ಟಿಯನ್ನು ಹಲಗೆಗೆ ಅಂಟಿಸಿ, ಈ ಬಾರಿ ಬೆನ್ನು ಮುಂದಾಗಿ, ಬಾಯಿ ಹಿಂದೆ ಬರುವಂತೆ, ಐವತ್ತು ಅರವತ್ತು ಸಲ ಎಳೆಯಬೇಕು. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸದಿದ್ದರೆ ಬಾಯಿ ತೊಗಲನ್ನು ಸೀಳುತ್ತದೆ. ಎರಡು ಬೆರಳುಗಳಲ್ಲಿ ಹಿಡಿದ ತಲೆಗೂದಲೊಂದನ್ನು ಬಾಯಿಗೆ ಮುಟ್ಟಿಸಿದೊಡನೆ ತುಂಡಾದರೆ ಕತ್ತಿ ಸಿದ್ಧ.

ಹಿಡಿಗೆ ಜಪಾನಿನಲ್ಲಿ ಬೆತ್ತದ ತೆಳು ಸಿಬಿರನ್ನು ಸುತ್ತುವುದುಂಟು. ಬೆತ್ತದ ಕುರ್ಚಿ ಹೆಣೆಯುವವರ ಬಳಿ ಅದು ಸಿಗುತ್ತದೆ. ನೀರಿನಲ್ಲಿ ನೆನೆಸಿ, ಬಿಗಿಯಾಗಿ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ಒಣಗಿಸಿದರೆ ತಾನಾಗಿ ಬಿಗಿಯುತ್ತದೆ. ಸುತ್ತುವ ಮೊದಲು ಆ ಭಾಗಕ್ಕೆ ಎಣ್ಣೆ ಸವರದಿದ್ದರೆ ಬೆತ್ತದಡಿಯಲ್ಲಿ ತುಕ್ಕು ಹುಟ್ಟುತ್ತದೆ.

ಬಳಕೆಯಲ್ಲಿ ಅಲಗನ್ನು ಚರ್ಮಕ್ಕೆ 20ರಿಂದ 30 ಡಿಗ್ರಿಯಷ್ಟು ಮಾತ್ರ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಗೊಳಿಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ಮೊದಮೊದಲು ಕೆನ್ನೆಗೆ ಮಾತ್ರ ಬಳಸಿ, ಗದ್ದ ಮತ್ತು ಗಂಟಲನ್ನು ರೂಢಿಯಾದ ಮೇಲೆ ಮುಟ್ಟುವುದು ವಿವೇಕ. ರಕ್ತದ ಮೂಲಕ ಹೆಪಟೈಟಿಸ್ ಬಿ, ಎಚ್‌ಐವಿಯಂಥ ಸೋಂಕು ಹರಡಬಹುದಾದ್ದರಿಂದ ಒಂದು ಕತ್ತಿ ಒಬ್ಬರಿಗೆ ಮಾತ್ರ, ಮನೆಯವರಿಗೂ ಹಂಚಬಾರದು. ಇಂಗಾಲದ ಉಕ್ಕಿಗೆ ತುಕ್ಕಿನ ತಡೆಯಿಲ್ಲದ ಕಾರಣ ಪ್ರತಿ ಸಲ ಒರೆಸಿ, ಒಣಗಿಸಿ, ತೊಗಲಿನ ಮೇಲೆ ನಾಲ್ಕಾರು ಸಲ ಎಳೆದು, ಹೊಲಿಗೆ ಯಂತ್ರದ ಎಣ್ಣೆ ಸವರಬೇಕು. ಜಪಾನೀಯರು ಬಳಸುವ ಕ್ಯಾಮೆಲಿಯಾ ಎಣ್ಣೆಗೆ ಬದಲಾಗಿ ಕೊಬ್ಬರಿ ಎಣ್ಣೆ ಸಾಲದು. ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ ಡಿಸೆಂಬರಿನ ಬೆಳಗಿನಲ್ಲಿ ಬಾಯಿಯ ಮೇಲೆ ಹೆಪ್ಪುಗಟ್ಟಿ ಕೂರುತ್ತದೆ. ಮಳೆಗಾಲದಲ್ಲಿ ಬಚ್ಚಲುಮನೆಯಲ್ಲಿ ಇಡದೆ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮರದ ಡಬ್ಬಿಯಲ್ಲಿ, ಬಾಯಿ ಯಾವುದಕ್ಕೂ ತಾಗದಂತೆ ಇಡಬೇಕು. ಕೂದಲು ಎಳೆದಂತಾದಾಗ ಮೊದಲು ತೊಗಲು, ಅದಕ್ಕೂ ಬಗ್ಗದಿದ್ದರೆ ಅತ್ಯಂತ ನಯವಾದ ಕಲ್ಲಿನ ಮೇಲೆ ಹತ್ತಿಪ್ಪತ್ತು ಸಲ ಸಾಕು. ಬಾಯಿಯಲ್ಲಿ ಚಿಪ್ಪೆದ್ದಿರುವುದು ಕಣ್ಣಿಗೆ ಕಂಡರೆ ಮಾತ್ರ 1000ರ ಕಲ್ಲಿಗೆ ಹಿಂದಿರುಗಬೇಕು.